ಮೊಲಕ್ಕೆ ಸ್ನಾನ ಬೇಡ, ಹುಲ್ಲು ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುಟದಲ್ಲಿ ಮೊಲ ಸಾಕುವ ಬಗ್ಗೆ ಬಂದ ಪುಟ್ಟ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಕ್ಯಾರೆಟ್, ಒಂದು ಬಟ್ಟಲು ಕಾಳು, ವಾರಕ್ಕೊಮ್ಮೆ ಶಾಂಪೂ ಹಾಕಿ ಸ್ನಾನ, ಇಷ್ಟಾದರೆ ಮೊಲ ಆರೋಗ್ಯವಾಗಿ, ಶುಚಿಯಾಗಿ ಇರುತ್ತದೆ ಎಂಬುದು ಅದರ ಸಾರಾಂಶ. ಪಕ್ಕದಲ್ಲಿ ಮುಂಗಾಲುಗಳಲ್ಲಿ ಕ್ಯಾರೆಟ್ ಹಿಡಿದ ಬಿಳಿ ಮೊಲದ ಚಿತ್ರ. ಒಂಬತ್ತು ವರ್ಷದ ನನ್ನ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದುತ್ತಾ ನಡುವೆ ನಿಲ್ಲಿಸಿ, "ಅಜ್ಜಿ, ನಾವೂ ಹೀಗೇ ಮಾಡಿದ್ದೆವಲ್ಲವೇ?" ಎಂದು ಕೇಳಿದಳು. ಹೌದು, ಒಂದಕ್ಷರವೂ ತಪ್ಪದಂತೆ ಹೀಗೇ ಮಾಡಿದ್ದೆವು. ನಮ್ಮ ಮೊಲ ಸಾವಿನ ದವಡೆಯಿಂದ ಪಾರಾಗಿ ಬಂದಿದೆ. ಆ ಪುಟವನ್ನು ನೋಡಿ ಯಾರ ಮನೆಯಲ್ಲೋ ಒಂದು ಮೊಲಕ್ಕಾಗಿ ಇಂದು ನೀರು ಕಾಯುತ್ತಿರಬಹುದು ಎಂಬ ಯೋಚನೆಯಿಂದ ಎರಡು ರಾತ್ರಿ ನನಗೆ ನಿದ್ದೆ ಬಂದಿಲ್ಲ.

ನಾನು 31 ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮ ಮೊಲದ ಹೆಸರು ಹತ್ತಿ. ನಾನು ಗಾಯ ಒರೆಸಲು ಬಳಸುತ್ತಿದ್ದ ಹತ್ತಿಯ ಉಂಡೆಯಂತೆ ಇದ್ದಾಳೆ ಎಂದು ಮೊಮ್ಮಗಳೇ ಇಟ್ಟ ಹೆಸರು. ಪರಿಚಯದ ಒಂದು ಕುಟುಂಬ ಸಾಕಲಾರದೆ ನಮಗೆ ಕೊಟ್ಟಾಗ ಅವಳಿಗೆ ಒಂದೂವರೆ ವರ್ಷ. ಪಂಜರ, ನೀರಿನ ಬಾಟಲಿ, ಬಣ್ಣಬಣ್ಣದ ಕಾಳು, ಒಣಹಣ್ಣು, ಗರಿಗರಿ ತುಣುಕುಗಳ ಮಿಶ್ರಣದ ಒಂದು ದೊಡ್ಡ ಚೀಲ, ಇವೆಲ್ಲ ಅವಳ ಜೊತೆಗೇ ಬಂದವು. ಒಣಹುಲ್ಲು ಮಾತ್ರ ಬರಲಿಲ್ಲ. ಅದು ಬೇಕು ಎಂದು ನಮಗೂ ತಿಳಿದಿರಲಿಲ್ಲ.

ಎರಡನೆಯ ತಿಂಗಳಲ್ಲೇ ಅವಳ ಬಾಲದ ಕೆಳಗೆ ಕಪ್ಪಗಿನ, ಅಂಟಂಟಾದ, ಗಬ್ಬು ವಾಸನೆಯ ಮುದ್ದೆ ಮೆತ್ತಿಕೊಳ್ಳತೊಡಗಿತು. ಭೇದಿ ಎಂದುಕೊಂಡೆ. ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕೂರಿಸಿ ಶಾಂಪೂ ಹಾಕಿ ತೊಳೆದೆ. ಮೊದಲು ಒದ್ದಾಡಿದಳು, ಆಮೇಲೆ ಮೈಯನ್ನು ಸಡಿಲ ಬಿಟ್ಟು ಸುಮ್ಮನಾದಳು. ನೀರು ಹಿತವಾಗಿದೆ ಎಂದು ನಾನು ತಿಳಿದೆ. ಅದು ಹಿತವಾಗಿರಲಿಲ್ಲ, ಭಯಕ್ಕೆ ಮೈ ಮರಗಟ್ಟಿತ್ತು. ಮೊಲ ಬೇಟೆಗೆ ಬಲಿಯಾಗುವ ಪ್ರಾಣಿ. ತಪ್ಪಿಸಿಕೊಳ್ಳುವ ದಾರಿ ಇಲ್ಲವೆನಿಸಿದಾಗ ಸತ್ತಂತೆ ಬಿದ್ದುಬಿಡುತ್ತದೆ. ಅಂಗಾತ ಮಲಗಿಸಿದರೆ ಸುಮ್ಮನಾಗುವುದೂ ಇದೇ ಕಾರಣಕ್ಕೆ. ಅದರ ಒಳತುಪ್ಪಳ ಎಷ್ಟು ದಟ್ಟವೆಂದರೆ ಒಮ್ಮೆ ನೆನೆದರೆ ಒಣಗಲು ಗಂಟೆಗಳೇ ಬೇಕು. ಅಷ್ಟರಲ್ಲಿ ಮೈ ತಣ್ಣಗಾಗಿ ಆಘಾತಕ್ಕೆ ಒಳಗಾಗಬಹುದು. ಹೆದರಿ ಜೋರಾಗಿ ಒದ್ದರೆ ಬೆನ್ನುಮೂಳೆ ಮುರಿಯುವುದೂ ಉಂಟು. ಇದಾವುದೂ ಗೊತ್ತಿಲ್ಲದೆ ನಾನು ಅವಳಿಗೆ ಆರು ಬಾರಿ ಸ್ನಾನ ಮಾಡಿಸಿದೆ. ತೊಳೆದ ಮೂರು ದಿನಕ್ಕೆ ಮತ್ತೆ ಅದೇ ಮುದ್ದೆ. ಪಾಪ, ಸ್ನಾನದಿಂದ ನಡುಗುತ್ತಿದ್ದಾಳೆ ಎಂದು ಸಮಾಧಾನಕ್ಕೆ ಇನ್ನೊಂದು ತುಂಡು ಕ್ಯಾರೆಟ್ ಕೊಡುತ್ತಿದ್ದೆವು.

ಒಂದು ಬೇಸಿಗೆಯ ಬೆಳಗ್ಗೆ ಅವಳು ಮೂಲೆಯಲ್ಲಿ ಮುದುಡಿ ಕುಳಿತಿದ್ದಳು. ಎದುರಿಗಿಟ್ಟ ಬಟ್ಟಲನ್ನು ಮೂಸಲೂ ಇಲ್ಲ. ಪಂಜರದ ಮೇಲೆ ಎರಡು ಹಸಿರು ನೊಣ. ಎತ್ತಿಕೊಂಡು ಬಾಲದ ಕೆಳಗಿನ ತುಪ್ಪಳ ಸರಿಸಿದೆ. ಹುಳು ಬಿದ್ದಿತ್ತು. ನನ್ನ ಕೆಲಸದ ಅವಧಿಯಲ್ಲಿ ಎಷ್ಟೋ ಗಾಯಗಳನ್ನು ಕಂಡಿದ್ದೇನೆ, ಕೈ ನಡುಗಿದ್ದು ಅಂದೇ.

ನೊಣ ಹುಡುಕಿಕೊಂಡು ಬರುವುದೇ ಈ ಕೊಳೆಯ ವಾಸನೆಗೆ. ಅದು ಮೊಟ್ಟೆ ಇಟ್ಟು ಒಂದು ದಿನ ಕಳೆಯುವುದರೊಳಗೆ ಹುಳು ಹೊರಬರಬಲ್ಲದು. ಆ ಹುಳು ಕೊಳೆಯನ್ನು ಮುಗಿಸಿ ಜೀವಂತ ಚರ್ಮವನ್ನೂ ಮಾಂಸವನ್ನೂ ಕೊರೆಯುತ್ತದೆ. ರಾತ್ರಿ ಚೆನ್ನಾಗಿದ್ದ ಮೊಲ ಮರುದಿನ ಸಂಜೆಗೆ ಉಳಿಯದೆ ಹೋಗಬಹುದು. ಅದಕ್ಕೇ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ, ಬೇರೆ ದಿನಗಳಲ್ಲಿ ಒಂದು ಸಲವಾದರೂ ಬಾಲದ ಕೆಳಗೆ ನೋಡಲೇಬೇಕು. ಒಂದು ಹುಳು ಕಂಡರೂ ನಾಳೆ ನೋಡೋಣ ಎನ್ನಬೇಡಿ, ಆ ಕ್ಷಣವೇ ಪಶುವೈದ್ಯರ ಬಳಿಗೆ ಓಡಿ. ಮನೆಯಲ್ಲಿ ಇಡೀ ಮೊಲವನ್ನು ನೀರಿಗೆ ಅದ್ದಿ ತೊಳೆಯುತ್ತಾ ಕೂರಬೇಡಿ. ಒದ್ದೆ ತುಪ್ಪಳವನ್ನು ಕತ್ತರಿಸುವುದು ವೈದ್ಯರಿಗೂ ಕಷ್ಟ.

ಪಶುವೈದ್ಯೆ ಅವಳ ತುಪ್ಪಳ ಕತ್ತರಿಸಿ, ಒಂದೊಂದೇ ಹುಳುವನ್ನು ಚಿಮಟದಿಂದ ತೆಗೆದು, ನೋವಿಗೆ ಚುಚ್ಚುಮದ್ದು ಕೊಟ್ಟು, ಚರ್ಮದಡಿಗೆ ದ್ರವ ಹಾಕಿದರು. ಎಲ್ಲ ಮುಗಿದ ಮೇಲೆ ಕೈ ತೊಳೆಯುತ್ತಾ ಅವರು ಕೇಳಿದ ಮೊದಲ ಪ್ರಶ್ನೆ: "ಏನು ತಿನ್ನಿಸುತ್ತಿದ್ದೀರಿ, ಅಮ್ಮ?" ನಾನು ಸ್ನಾನದ ಲೆಕ್ಕ ಹೇಳಲು ಹೊರಟಿದ್ದೆ. ಅವರಿಗೆ ಬಟ್ಟಲಿನ ಲೆಕ್ಕ ಬೇಕಿತ್ತು. ಸಂಪಾದಕರೇ, ನಿಮ್ಮ ಓದುಗರಿಗೆ ನಾನು ಹೇಳಬೇಕೆಂದಿರುವುದೂ ಇದನ್ನೇ. ಮೊಲದ ಹಿಂಭಾಗದಲ್ಲಿ ಕಾಣುವ ಕೊಳೆ ಶುರುವಾಗುವುದು ಅದರ ಬಟ್ಟಲಿನಲ್ಲಿ.

ಅಂದು ಅವರು ಬಿಡಿಸಿ ಹೇಳಿದ್ದನ್ನು ಆಮೇಲೆ ಮೂರು ವರ್ಷ ಕಣ್ಣಾರೆ ಕಂಡಿದ್ದೇನೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ನಮಗೆಲ್ಲ ಗೊತ್ತಿರುವುದು ಗುಂಡಗಿನ, ಒಣಗಿದ, ಒತ್ತಿದರೆ ಹುಲ್ಲಿನ ಹುಡಿಯಾಗುವ ಹಿಕ್ಕೆ. ಇನ್ನೊಂದು ಸಣ್ಣ ದ್ರಾಕ್ಷಿ ಗೊಂಚಲಿನಂತೆ ಒಂದಕ್ಕೊಂದು ಅಂಟಿದ, ಹೊಳೆಯುವ, ಮೆತ್ತಗಿನ ಹಿಕ್ಕೆ. ಇದು ಮಲವಲ್ಲ, ಮೊಲದ ಎರಡನೆಯ ಊಟ. ಹೊಟ್ಟೆಯ ಹಿಂದಿನ ಭಾಗದಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಬಿ ಗುಂಪಿನ ಮತ್ತು ಕೆ ಜೀವಸತ್ವಗಳನ್ನೂ ಪ್ರೋಟೀನನ್ನೂ ತಯಾರಿಸುತ್ತವೆ. ಆ ಸಾರವೆಲ್ಲ ಈ ಮೆತ್ತನೆಯ ಗೊಂಚಲಿನಲ್ಲಿ ಹೊರಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಲು ಬಿಡದೆ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಇದನ್ನು ಕಂಡು ಅಸಹ್ಯಪಟ್ಟು ತಡೆಯುವವರಿದ್ದಾರೆ. ದಯವಿಟ್ಟು ತಡೆಯಬೇಡಿ, ಅದು ಅದರ ಹಕ್ಕಿನ ಊಟ.

ಪಿಷ್ಟ ಮತ್ತು ಸಕ್ಕರೆ ಹೆಚ್ಚಾಗಿ ನಾರು ಕಡಿಮೆಯಾದರೆ ಆ ಚೀಲದೊಳಗಿನ ಸೂಕ್ಷ್ಮಜೀವಿಗಳ ಸಮತೋಲನ ಕೆಡುತ್ತದೆ. ಗೊಂಚಲು ಅಂಟು ಪೇಸ್ಟಿನಂತೆ ಬರುತ್ತದೆ, ತಿನ್ನಲಾಗದೆ ತುಪ್ಪಳಕ್ಕೆ ಮೆತ್ತಿಕೊಳ್ಳುತ್ತದೆ. ನಾನು ಭೇದಿ ಎಂದುಕೊಂಡು ತೊಳೆದದ್ದು ಅದನ್ನೇ. ಗುಂಡು ಹಿಕ್ಕೆಯೂ ಬೀಳುತ್ತಾ, ಜೊತೆಗೆ ಅಂಟು ಮುದ್ದೆಯೂ ಕಾಣುತ್ತಿದ್ದರೆ ಅದು ಬಹುತೇಕ ಆಹಾರದ ದೋಷ. ಗುಂಡು ಹಿಕ್ಕೆ ಒಂದೂ ಇಲ್ಲದೆ ಬರೀ ನೀರಾಗಿ ಹೋಗುತ್ತಿದ್ದರೆ ಅದು ನಿಜವಾದ ಭೇದಿ, ತುರ್ತು ಚಿಕಿತ್ಸೆ ಬೇಕು. ಮರಿಗಳಲ್ಲಂತೂ ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ.

ಇನ್ನೊಂದು ಕಾರಣವೂ ಹತ್ತಿಯಲ್ಲಿತ್ತು. ಅವಳು 2.9 ಕಿಲೋ ತೂಗುತ್ತಿದ್ದಳು. ಅವಳ ಎಲುಬಿನ ಅಳತೆಗೆ 2.3 ಕಿಲೋ ಸಾಕಿತ್ತು. ಬೊಜ್ಜು ಬಂದ ಮೊಲ ಮೈ ತಿರುಗಿಸಿ ತನ್ನ ಹಿಂಭಾಗವನ್ನು ಮುಟ್ಟಲಾರದು, ನೆಕ್ಕಿ ಶುಚಿ ಮಾಡಿಕೊಳ್ಳಲಾರದು, ಮೆತ್ತನೆಯ ಹಿಕ್ಕೆಯನ್ನು ಬಾಯಿಗೆ ತೆಗೆದುಕೊಳ್ಳಲಾರದು. ವಯಸ್ಸಾಗಿ ಕೀಲುನೋವು ಬಂದ ಮೊಲದ ಪಾಡೂ ಇದೇ. ಮೊಲ ಮೂಲತಃ ಬಹಳ ಶುಚಿಯಾದ ಪ್ರಾಣಿ. ಕೊಳಕಾಗಿದೆಯೆಂದರೆ ಅದರ ದೇಹ ಎಲ್ಲೋ ಸೋತಿದೆ ಎಂದೇ ತಿಳಿಯಬೇಕು.

ಹಾಗಾದರೆ ಏನು ತಿನ್ನಿಸಬೇಕು? ಒಣಹುಲ್ಲು. ಬೆಳೆದ ಮೊಲದ ಊಟದಲ್ಲಿ ನೂರಕ್ಕೆ 80ರಿಂದ 85 ಭಾಗ ಹುಲ್ಲೇ ಇರಬೇಕು. ಹಗಲೂ ರಾತ್ರಿಯೂ ಮುಗಿಯದಂತೆ, ದಿನಕ್ಕೆ ಅದರ ಮೈಯಷ್ಟು ದೊಡ್ಡ ಕಂತೆ. ಉದ್ದನೆಯ ನಾರು ಕರುಳನ್ನು ಚಲಿಸುತ್ತಿರುವಂತೆ ಮಾಡುತ್ತದೆ, ಹಲ್ಲನ್ನೂ ಸವೆಸುತ್ತದೆ. ಮೊಲದ ಬಾಯಿಯಲ್ಲಿ 28 ಹಲ್ಲು, ಅವು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ. ಬೂಷ್ಟು ಹಿಡಿದ, ದೂಳು ತುಂಬಿದ ಹುಲ್ಲು ಮಾತ್ರ ಬೇಡ. ಮೂಗಿಗೆ ಹಿಡಿದರೆ ಹಿತವಾದ ವಾಸನೆ ಬರಬೇಕು. ಕುದುರೆಮಸಾಲೆ ಹುಲ್ಲಿನಲ್ಲಿ ಪ್ರೋಟೀನೂ ಕ್ಯಾಲ್ಸಿಯಮ್ಮೂ ಹೆಚ್ಚು. ಅದು ಆರು ತಿಂಗಳೊಳಗಿನ ಮರಿಗಳಿಗೆ, ಬಸುರಿ ಮತ್ತು ಹಾಲೂಡಿಸುವ ಮೊಲಗಳಿಗೆ ಸರಿ, ಬೆಳೆದ ಮೊಲಕ್ಕೆ ದಿನವೂ ಬೇಡ.

ಹುಲ್ಲಿನ ಮೇಲೆ ಒಂದಿಷ್ಟು ಹಸಿರು ಸೊಪ್ಪು, ಒಂದೇ ಬಗೆಯದಲ್ಲ, ಬದಲಾಯಿಸುತ್ತಾ. ಗುಳಿಗೆಯಂಥ ಪೆಲೆಟ್ ಆಹಾರ ಕೊಡುವುದಾದರೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರದಿರಲಿ. ಬಣ್ಣದ ಮಿಶ್ರಣವನ್ನು ನಾನು ಯಾರಿಗೂ ಹೇಳುವುದಿಲ್ಲ. ಹತ್ತಿ ಅದರಲ್ಲಿ ಸಿಹಿಯಾದದ್ದನ್ನೆಲ್ಲ ಹೆಕ್ಕಿ ತಿಂದು ನಾರಿನ ತುಣುಕುಗಳನ್ನು ಬಿಡುತ್ತಿದ್ದಳು, ನಾವು ಖಾಲಿಯಾಯಿತೆಂದು ಮತ್ತೆ ತುಂಬುತ್ತಿದ್ದೆವು. ಕ್ಯಾರೆಟ್ ಗೆಡ್ಡೆಯಲ್ಲಿ ಸಕ್ಕರೆ ಇದೆ. ಕಾಡಿನ ಮೊಲ ಗೆಡ್ಡೆ ಅಗೆದು ತಿಂದು ಬದುಕುವುದಿಲ್ಲ, ಹುಲ್ಲು ಮೇಯುತ್ತದೆ. ಅದರ ಸೊಪ್ಪನ್ನು ಕೊಡಿ, ಗೆಡ್ಡೆಯನ್ನೂ ಹಣ್ಣನ್ನೂ ಎಂದಾದರೊಮ್ಮೆ ಉಗುರಿನಷ್ಟು ಕೊಟ್ಟರೆ ಸಾಕು. ಬ್ರೆಡ್, ಬಿಸ್ಕೆಟ್, ಕಾಳು ಬೇಡವೇ ಬೇಡ. ಚಾಕೊಲೇಟ್, ಈರುಳ್ಳಿ, ಬೆಣ್ಣೆಹಣ್ಣು ವಿಷ.

ಬದಲಾವಣೆಯನ್ನು ಒಂದೇ ದಿನದಲ್ಲಿ ಮಾಡಬಾರದು. ಎರಡು ಮೂರು ವಾರ ಹಿಡಿದು, ಹಳೆಯದನ್ನು ದಿನದಿನಕ್ಕೆ ಚಿಟಿಕೆಯಷ್ಟು ತಗ್ಗಿಸುತ್ತಾ ಬರಬೇಕು. ನಾನು ಹಾಗೇ ಮಾಡಿದೆ. ಆದರೂ ಹತ್ತಿ ಹುಲ್ಲನ್ನು ಬಾಯಿಗೆ ತೆಗೆದುಕೊಂಡು ಎರಡು ಬಾರಿ ಅಗಿದು ಉಗುಳುತ್ತಿದ್ದಳು, ಗಲ್ಲ ಒದ್ದೆಯಾಗಿರುತ್ತಿತ್ತು. ಹಟ ಎಂದು ನನಗೆ ಬೇಸರವಾಯಿತು. ಅದು ಹಟವಾಗಿರಲಿಲ್ಲ. ಹುಲ್ಲಿಲ್ಲದೆ ಸವೆಯದ ದವಡೆ ಹಲ್ಲುಗಳಲ್ಲಿ ಮುಳ್ಳಿನಂಥ ಚೂಪು ಬೆಳೆದು ನಾಲಿಗೆಯ ಪಕ್ಕವನ್ನು ಕೊಯ್ದಿತ್ತು. ಹುಲ್ಲು ಬೇಡವೆನ್ನುವ ಮೊಲದ ಬಾಯೊಳಗೆ ವೈದ್ಯರು ಒಮ್ಮೆ ನೋಡಬೇಕು. ಅರಿವಳಿಕೆ ಕೊಟ್ಟು ಹಲ್ಲಿನ ಆ ಚೂಪನ್ನು ಅರೆದು ಸಮ ಮಾಡಲು ದಿನ ಗೊತ್ತುಮಾಡಿದರು. ನಾನು ರೋಗಿಗಳಿಗೆ ಮಾಡುತ್ತಿದ್ದಂತೆ ಹಿಂದಿನ ರಾತ್ರಿಯಿಂದ ಅವಳನ್ನು ಉಪವಾಸ ಇರಿಸಲು ಬಟ್ಟಲನ್ನೂ ಹುಲ್ಲನ್ನೂ ತೆಗೆದಿಟ್ಟೆ. ಅದೃಷ್ಟಕ್ಕೆ ಮಲಗುವ ಮೊದಲು ಒಮ್ಮೆ ಕೇಳೋಣವೆಂದು ಫೋನ್ ಮಾಡಿದೆ. "ತಕ್ಷಣ ಹುಲ್ಲು ಹಾಕಿ, ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಉಪವಾಸವಿಟ್ಟರೆ ಕರುಳು ನಿಂತುಹೋಗುತ್ತದೆ" ಎಂದರು. ಮನುಷ್ಯರ ವಾರ್ಡಿನಲ್ಲಿ ಕಲಿತದ್ದನ್ನು ಮೊಲದ ಮೇಲೆ ಹಾಗೇ ಹೇರಬಾರದು ಎಂದು ಅಂದು ಕಲಿತೆ. ಔಷಧಿಯ ವಿಷಯದಲ್ಲೂ ಅಷ್ಟೇ. ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಸೂಕ್ಷ್ಮಜೀವಿಗಳನ್ನು ಕೆಡಿಸಿ ಕೊಲ್ಲಬಹುದು. ನಾಯಿಯ ಚಿಗಟಕ್ಕೆ ಹಚ್ಚುವ ಫಿಪ್ರೋನಿಲ್ ಮೊಲಕ್ಕೆ ಹಾನಿಕರ.

ವಾರ್ಡಿನಿಂದ ಉಪಯೋಗಕ್ಕೆ ಬಂದದ್ದು ನನ್ನ ನೋಟ್‌ಬುಕ್. ಬೆಳಗಿನ ಸರದಿಯಲ್ಲಿ ನಾವು ಪ್ರತಿ ರೋಗಿಯ ಬಳಿ ಕೇಳುತ್ತಿದ್ದದ್ದು ಊಟ, ನೀರು, ಮೂತ್ರ, ಮಲ. ಈಗ ಹತ್ತಿಯ ಹೆಸರಿನಲ್ಲಿ ಅದೇ ನಾಲ್ಕು ಅಂಕಣ. ಹಿಕ್ಕೆ ದೊಡ್ಡದಾಗಿ, ಒಂದೇ ಗಾತ್ರದಲ್ಲಿ, ಹುಲ್ಲಿನ ಬಣ್ಣದಲ್ಲಿದ್ದರೆ ಒಂದು ಗೆರೆ ಎಳೆಯುತ್ತೇನೆ. ಚಿಕ್ಕದಾದರೆ, ಕಡಿಮೆಯಾದರೆ ಸುತ್ತು ಹಾಕುತ್ತೇನೆ. ತುಪ್ಪಳ ಉದುರುವ ಕಾಲದಲ್ಲಿ ಕೂದಲಿನ ಎಳೆಯಿಂದ ಮಣಿಸರದಂತೆ ಕೋದುಕೊಂಡು ಬರುತ್ತವೆ. ಅಂಥ ದಿನಗಳಲ್ಲಿ ದಿನಕ್ಕೆರಡು ಸಲ ಬಾಚುತ್ತೇನೆ. ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ಪ್ರಾಣಾಪಾಯ, ಬೆಳಗಾಗಲಿ ಎಂದು ಕಾಯಬಾರದು. ಮೊಲ ಸಾಮಾನ್ಯವಾಗಿ ನರಳುವುದಿಲ್ಲ, ಕೂಗುವುದಿಲ್ಲ. ನೋವನ್ನು ಬಚ್ಚಿಡುವುದೇ ಅದರ ಸ್ವಭಾವ. ಹಿಕ್ಕೆಯ ತಟ್ಟೆಯೇ ಅದರ ಬಾಯಿ.

ಮೂತ್ರದ ಅಂಕಣದಲ್ಲಿ ಒಮ್ಮೆ ಕೆಂಪು ಎಂದು ಬರೆದಿದ್ದೇನೆ, ರಕ್ತವೆಂದು ಗಾಬರಿಯಾಗಿದ್ದೆ. ಪರೀಕ್ಷೆ ಮಾಡಿಸಿದಾಗ ರಕ್ತವಿರಲಿಲ್ಲ. ತಿಂದ ಸೊಪ್ಪಿನ ವರ್ಣದ್ರವ್ಯಗಳಿಂದ ಮೂತ್ರ ಹಳದಿಯಿಂದ ಕೆಂಪಿನವರೆಗೆ ಬದಲಾಗುವುದು ಮೊಲದಲ್ಲಿ ಸಹಜವಂತೆ. ಹೆಚ್ಚಾದ ಕ್ಯಾಲ್ಸಿಯಂ ಮೊಲದ ದೇಹದಿಂದ ಹೊರಹೋಗುವುದು ಬಹುಪಾಲು ಮೂತ್ರದ ಮೂಲಕವೇ. ಆದ್ದರಿಂದ ಸ್ವಲ್ಪ ಮಬ್ಬಾಗಿರುವುದೂ ಸಹಜ. ಸುಣ್ಣದ ಗಂಜಿಯಂತೆ ಗಟ್ಟಿಯಾದರೆ, ಮೂತ್ರ ಮಾಡುವಾಗ ತಿಣುಕಿದರೆ ತೋರಿಸಬೇಕು. ನೀರಿಗೆ ಬಾಟಲಿಗಿಂತ ಭಾರವಾದ ಬಟ್ಟಲು ಒಳ್ಳೆಯದು, ಬಟ್ಟಲಿನಲ್ಲಿಟ್ಟರೆ ಹೆಚ್ಚು ಕುಡಿಯುತ್ತಾಳೆ.

ಇನ್ನು ಶುಚಿಯ ಮಾತು. ತೊಳೆಯಲೇಬೇಕಾದ ದಿನ ಬಂದರೆ ಕೊಳೆಯಾದ ಜಾಗವನ್ನಷ್ಟೇ ಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒತ್ತಿ ಮೆತ್ತಗಾಗಿಸಿ ಬಿಡಿಸಿ, ಎಳೆಯಬೇಡಿ. ಮೊಲದ ಚರ್ಮ ಕಾಗದದಷ್ಟು ತೆಳು, ಗಂಟುಕಟ್ಟಿದ ತುಪ್ಪಳಕ್ಕೆ ಕತ್ತರಿ ಹಾಕಿದರೆ ಚರ್ಮವೇ ಹರಿದುಬರುತ್ತದೆ. ಆಮೇಲೆ ಬುಡದವರೆಗೂ ಒಣಗಿಸಬೇಕು. ಒಬ್ಬರು ಎದೆಗೂ ಹಿಂಗಾಲುಗಳಿಗೂ ಆಸರೆ ಕೊಟ್ಟು ಹಿಡಿದರೆ ಇನ್ನೊಬ್ಬರಿಗೆ ಕೆಲಸ ಸುಲಭ. ಕಿವಿ ಹಿಡಿದು ಎತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪಂಜರದ ತಂತಿಯ ತಳವನ್ನು ಮೊದಲು ತೆಗೆಸಿದೆ. ನಾಯಿ, ಬೆಕ್ಕಿಗಿರುವಂತೆ ಮೊಲದ ಪಾದಕ್ಕೆ ಮೆತ್ತೆ ಇಲ್ಲ, ತುಪ್ಪಳ ಮಾತ್ರ. ತಂತಿಯ ಮೇಲೆ, ಒದ್ದೆಯ ಮೇಲೆ ನಿಂತು ನಿಂತು ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಹಾಸಿಗೆ ಹಿಡಿದ ರೋಗಿಯ ಬೆನ್ನಿನಲ್ಲಿ ಆಗುವುದೂ ಇದೇ ಹುಣ್ಣು, ಒಮ್ಮೆ ಆಳಕ್ಕಿಳಿದರೆ ವಾಸಿಯಾಗುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಈಗ ಅವಳಿಗೆ ದಪ್ಪ ಹಾಸು, ಮೂಲೆಯಲ್ಲಿ ಕಾಗದದ ಚೂರು ಹಾಕಿದ ಅಗಲವಾದ ತಟ್ಟೆ, ತಟ್ಟೆಯ ಪಕ್ಕದಲ್ಲೇ ಹುಲ್ಲಿನ ಬುಟ್ಟಿ. ಮೊಲ ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಹುಲ್ಲು ಅಲ್ಲಿದ್ದರೆ ತಟ್ಟೆಯ ಅಭ್ಯಾಸ ತಾನಾಗಿ ಆಗುತ್ತದೆ. ಒದ್ದೆಯಾದರೆ ಗಟ್ಟಿಯಾಗುವ ಬೆಕ್ಕಿನ ಮರಳನ್ನು ಬಳಸಬೇಡಿ, ನುಂಗಿದರೆ ಕರುಳು ಕಟ್ಟುತ್ತದೆ. ಒದ್ದೆಯಾದುದನ್ನು ದಿನವೂ ತೆಗೆದರೆ ಅಮೋನಿಯದ ಘಾಟು ಅದರ ಮೂಗಿಗೂ ಕಣ್ಣಿಗೂ ತಟ್ಟುವುದಿಲ್ಲ. ಹತ್ತಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಮೂಲೆಮೂಲೆಗೆ ಮೂತ್ರ ಚಿಮುಕಿಸುವುದು ನಿಂತಿತು. ಅದಕ್ಕಿಂತ ಮುಖ್ಯವಾಗಿ, ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ.

ಹುಲ್ಲು ಶುರುವಾಗಿ ಐದನೆಯ ವಾರಕ್ಕೆ ಬಾಲದ ಕೆಳಗಿನ ಮುದ್ದೆ ನಿಂತುಹೋಯಿತು. ಎಂಟು ತಿಂಗಳಿಗೆ 2.3 ಕಿಲೋಗೆ ಇಳಿದಳು. ಆ ದಿನದಿಂದ ಇಂದಿನವರೆಗೆ ಅವಳಿಗೆ ಒಮ್ಮೆಯೂ ಸ್ನಾನ ಮಾಡಿಸಿಲ್ಲ. ಮೂಗು ಹತ್ತಿರವಿಟ್ಟರೆ ಒಣಹುಲ್ಲಿನ ವಾಸನೆ ಬರುತ್ತದೆ.

ಮಕ್ಕಳ ಪುಟವನ್ನು ಮಕ್ಕಳು ನಂಬುತ್ತಾರೆ, ಅವರ ಮಾತನ್ನು ಹಿರಿಯರು ನಂಬುತ್ತಾರೆ. ಚೆನ್ನಾಗಿ ಸಾಕಿದರೆ ಎಂಟರಿಂದ ಹನ್ನೆರಡು ವರ್ಷ ಬದುಕುವ ಜೀವವಿದು. ಆದ್ದರಿಂದ ಬರುವ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ತಿದ್ದುಪಡಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಈ ಪತ್ರವಿಡೀ ಹಿಡಿಸದಿದ್ದರೆ ಸ್ನಾನ, ಹುಲ್ಲು, ನೊಣ, ಹನ್ನೆರಡು ಗಂಟೆ ಎಂಬ ನಾಲ್ಕು ವಿಷಯಗಳನ್ನಾದರೂ ಹಾಕಿ. ಪಶುವೈದ್ಯರೊಬ್ಬರಿಂದ ಓದಿಸಿ ಹಾಕಿದರೆ ಇನ್ನೂ ಒಳ್ಳೆಯದು.

ಕ್ಯಾರೆಟ್ ಹಿಡಿದ ಮೊಲದ ಬದಲಿಗೆ ಅಚ್ಚು ಮಾಡಲೆಂದು ಮೊಮ್ಮಗಳು ಒಂದು ಚಿತ್ರ ಬರೆದುಕೊಟ್ಟಿದ್ದಾಳೆ, ಪತ್ರದ ಜೊತೆ ಇಟ್ಟಿದ್ದೇನೆ. ಬುಟ್ಟಿಯ ತುಂಬ ಹುಲ್ಲು, ಅದರಾಚೆ ಹತ್ತಿಯ ಎರಡು ಕಿವಿ ಮಾತ್ರ ಕಾಣುತ್ತಿವೆ. ಬಳಸದಿದ್ದರೆ ದಯವಿಟ್ಟು ಮರಳಿ ಕಳುಹಿಸಿ. ಅಂಚೆಚೀಟಿ ಅಂಟಿಸಿದ ಲಕೋಟೆ ಒಳಗಿದೆ.

ಇಂತಿ,
ನಿಮ್ಮ ಓದುಗಳಾದ ಒಬ್ಬ ನಿವೃತ್ತ ದಾದಿ